ಸೋರಿಕೆಯೋ, ಆವಿಯೋ? ಒಂದು ಪ್ಲೈವುಡ್ ಮೀನುತೊಟ್ಟಿಯ ಅನುಭವ

ಬಿ.ಇಡಿ. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನಮ್ಮ ನಾಲ್ವರ ತಂಡವನ್ನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ನಾನು ಕೋಲಾರದವಳು. ಉಳಿದ ಮೂವರಲ್ಲಿ ಒಬ್ಬರು ಮಾಲೂರಿನವರು, ಒಬ್ಬರು ಮುಳಬಾಗಿಲಿನವರು, ಇನ್ನೊಬ್ಬರು ಶ್ರೀನಿವಾಸಪುರದವರೇ. ನಾಲ್ವರೂ ಬಿ.ಎಸ್ಸಿ. ಮುಗಿಸಿ ಬಂದವರು. ಶಾಲೆಯ ಸುತ್ತ ಮಾವಿನ ತೋಪುಗಳು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಮಾತನಾಡುವವರು.

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ನನ್ನ ಪಾಲಿಗೆ ಬಂದಿತ್ತು. ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ನೀರು ಚಿಮ್ಮಿಸುವ ಚಟುವಟಿಕೆ ನಮಗೆಲ್ಲ ಗೊತ್ತಿರುವಂಥದ್ದೇ. ಅದನ್ನು ಮಾಡಿಸಿದೆ, ಮಕ್ಕಳು ನಕ್ಕರು, ನೆಲ ಒದ್ದೆಯಾಯಿತು, ‘ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ’ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಆ ವಾಕ್ಯ ಅವರ ನಾಲಗೆಯ ಮೇಲೆ ಇತ್ತು, ಕೈಗೆ ಇನ್ನೂ ಬಂದಿರಲಿಲ್ಲ. ಅದೇ ಸಮಯಕ್ಕೆ ಜೀವವಿಜ್ಞಾನದ ಪಾಠಗಳಿಗಾಗಿ ಒಂದು ಮೀನುತೊಟ್ಟಿ ಬೇಕೆಂದು ತಂಡದಲ್ಲಿ ಮಾತು ನಡೆದಿತ್ತು. ಮುಳಬಾಗಿಲಿನ ಗೆಳೆಯನ ತಂದೆ ಬಡಗಿ, ಅವರ ಬಳಿ ಪ್ಲೈವುಡ್ ತುಂಡುಗಳು ಉಳಿದಿದ್ದವು. ಎರಡು ಅಗತ್ಯಗಳನ್ನೂ ಒಂದೇ ತೊಟ್ಟಿಯಲ್ಲಿ ಪೂರೈಸೋಣ ಎಂದುಕೊಂಡೆವು. ಹಣ ಉಳಿಸುವುದೇ ಉದ್ದೇಶವಾದರೆ ಈ ಗಾತ್ರಕ್ಕೆ ಪೂರ್ತಿ ಗಾಜಿನ ತೊಟ್ಟಿಯೇ ಸಾಕು. ಪ್ಲೈವುಡ್ ಲಾಭವೆನಿಸುವುದು ಬಹಳ ದೊಡ್ಡ ತೊಟ್ಟಿಗಳಲ್ಲಿ. ನಮಗೆ ಬೇಕಾಗಿದ್ದದ್ದು ಮಕ್ಕಳ ಕಣ್ಣೆದುರು ಕಟ್ಟಬಹುದಾದ, ಪ್ರತಿಯೊಂದು ಕೀಲಿಗೂ ‘ಇಲ್ಲಿ ನೀರು ಹೇಗೆ ನಿಲ್ಲುತ್ತದೆ?’ ಎಂದು ಕೇಳಬಹುದಾದ ತೊಟ್ಟಿ.

ಯೋಜನೆಯನ್ನು ಮುಖ್ಯ ಶಿಕ್ಷಕರ ಮುಂದಿಟ್ಟಾಗ ಅವರು ಖರ್ಚಿನ ಮಾತೆತ್ತಲಿಲ್ಲ. “ಎಷ್ಟು ನೀರು ಹಿಡಿಯುತ್ತೆ?” ಎಂದು ಕೇಳಿದರು. “ಸುಮಾರು 144 ಲೀಟರ್” ಎಂದೆ. “ಎರಡು ದಿನಕ್ಕೊಮ್ಮೆ ಸಂಪಿಗೆ ನೀರು ಬರೋ ಶಾಲೆ ಇದು. ಮಾಡಿ, ಬೇಡ ಅನ್ನೋಲ್ಲ. ಆದರೆ ನೀರಿಗೆ ಲೆಕ್ಕ ಕೊಡಬೇಕು” ಎಂದರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿದ ಜಿಲ್ಲೆ ನಮ್ಮದು. ಅವರ ಮಾತಿನಲ್ಲಿ ನ್ಯಾಯವಿತ್ತು. ಒಂದು ಪಾಠಕ್ಕಾಗಿ ಊರಿನ ನೀರನ್ನು ಖರ್ಚು ಮಾಡಲು ಪ್ರಶಿಕ್ಷಣಾರ್ಥಿಗೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆ ನನ್ನ ಪಾಠಯೋಜನೆಯ ಯಾವ ಕಾಲಂನಲ್ಲೂ ಇರಲಿಲ್ಲ. ಅಂದಿನಿಂದ ತರಗತಿಯಲ್ಲಿ ‘ನೀರಿನ ಲೆಕ್ಕ’ ಎಂಬ ಒಂದು ನೋಟುಬುಕ್ ಶುರುವಾಯಿತು.

ತೊಟ್ಟಿಯ ಒಳ ಅಳತೆ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ನೀರು 40 ಸೆಂ.ಮೀ.ವರೆಗೆ, ಮೇಲಿನ 5 ಸೆಂ.ಮೀ. ಖಾಲಿ. ತಳ, ಹಿಂಬದಿ ಮತ್ತು ಎರಡು ಪಕ್ಕಗಳಿಗೆ 19 ಮಿ.ಮೀ. ದಪ್ಪದ ಪ್ಲೈವುಡ್, ಮುಂದೆ ಮರದ ಚೌಕಟ್ಟು, ಅದಕ್ಕೆ 10 ಮಿ.ಮೀ. ಗಾಜು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಪ್ಲೈ’ ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ ಬಿಡಬ್ಲ್ಯೂಪಿ ದರ್ಜೆಯದು, ಐಎಸ್ 710 ಎಂಬ ಗುರುತಿನದು. ಕುದಿಯುವ ನೀರಿನಲ್ಲಿಟ್ಟರೂ ಅದರ ಪದರಗಳನ್ನು ಹಿಡಿದಿರುವ ಅಂಟು ಬಿಡುವುದಿಲ್ಲ ಎಂಬುದಷ್ಟೇ ಆ ಹೆಸರಿನ ಅರ್ಥ. ಮರ ನೀರು ಕುಡಿಯುವುದಿಲ್ಲ ಎಂದಲ್ಲ. ಇದನ್ನು ತೋರಿಸಲು ಒಂದು ತುಂಡನ್ನು ತೂಗಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಮತ್ತೆ ತೂಗಿದೆವು. ತೂಕ ಹೆಚ್ಚಿತ್ತು. ಗರಗಸ ಆಡಿದ ಅಂಚುಗಳೇ ಹೆಚ್ಚು ನೀರು ಕುಡಿಯುತ್ತವೆ ಎಂಬುದು ಅಂಚಿನ ಕಪ್ಪುಬಣ್ಣದಿಂದಲೇ ಕಾಣುತ್ತಿತ್ತು. ಮರದ ನಾಳಗಳು ಅಲ್ಲಿ ಬಾಯಿ ತೆರೆದಿರುತ್ತವೆ. ಸಸ್ಯದ ಕ್ಸೈಲಂ ಬಗ್ಗೆ ಬೇರೆ ಪಾಠ ಬೇಕಾಗಲಿಲ್ಲ.

ಗಾಜನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಮಕ್ಕಳಿಗೇ ಬಿಟ್ಟೆ. ಚೌಕಟ್ಟಿನ ಹೊರಗಿನಿಂದ ಅಂಟಿಸುವುದೋ, ಒಳಗಿನಿಂದಲೋ? ಹೆಚ್ಚಿನವರು ಹೊರಗಿನಿಂದ ಎಂದರು, ಕಿಟಕಿಯ ಹಾಗೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ನೀರು ಒಳಗಿಂದ ತಳ್ಳುತ್ತಲ್ಲ, ಹೊರಗೆ ಅಂಟಿಸಿದರೆ ಕಿತ್ಕೊಂಡು ಬೀಳುತ್ತೆ. ಒಳಗಿಟ್ಟರೆ ನೀರೇ ಅದನ್ನ ಚೌಕಟ್ಟಿಗೆ ಒತ್ತಿ ಹಿಡ್ಕೊಳುತ್ತೆ” ಎಂದಳು. ಸರಿಯಾದ ಉತ್ತರ ಅದೇ.

ಎಷ್ಟು ಬಲದಿಂದ ತಳ್ಳುತ್ತದೆ ಎಂದು ಲೆಕ್ಕ ಹಾಕಲು ಎಂಟನೇ ತರಗತಿಗೆ ಸೂತ್ರ ಬೇಕಿಲ್ಲ. ಒಂದು ಚದರ ಸೆಂ.ಮೀ. ಜಾಗದ ಮೇಲೆ 40 ಸೆಂ.ಮೀ. ನೀರು ನಿಂತರೆ ಅದರ ತೂಕ 40 ಗ್ರಾಂ. ಆದ್ದರಿಂದ ಗಾಜಿನ ಕೆಳ ಅಂಚಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 40 ಗ್ರಾಂ ಒತ್ತಡ, ನೀರಿನ ಮೇಲ್ಮೈಯಲ್ಲಿ ಸೊನ್ನೆ, ಸರಾಸರಿ 20. ನೀರು ತಾಗುವ ಗಾಜಿನ ವಿಸ್ತೀರ್ಣ 90 × 40, ಅಂದರೆ 3,600 ಚದರ ಸೆಂ.ಮೀ. ಗುಣಿಸಿದರೆ 72,000 ಗ್ರಾಂ, 72 ಕೆ.ಜಿ. ನಮ್ಮ ಮಕ್ಕಳಿಗೆ ಕೆ.ಜಿ. ಎಂದರೆ ಅಂಗಡಿಯ ಅಳತೆ. ಆದರೆ 15 ಲೀಟರಿನ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತು ಅಭ್ಯಾಸವಿದ್ದವರು ಹಲವರಿದ್ದರು. “ಹತ್ತತ್ತಿರ ಐದು ಬಿಂದಿಗೆ ಗಾಜಿಗೆ ಒರಗಿಕೊಂಡಂಗೆ!” ಎಂದು ಒಬ್ಬಳು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಬಾಟಲಿಯ ತೂತಿನಿಂದ ಬರದಿದ್ದದ್ದು ಆ ಮಾತಿನಿಂದ ಬಂತು. ತೊಟ್ಟಿಯ ಪೂರ್ತಿ ನೀರು ಹತ್ತು ಬಿಂದಿಗೆ ಎಂದು ‘ನೀರಿನ ಲೆಕ್ಕ’ದಲ್ಲಿ ಬರೆದುಕೊಂಡರು.

ಇದರ ಬೆನ್ನಿಗೇ ಬಂದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: “ಲೆಕ್ಕದಲ್ಲಿ ತೊಟ್ಟಿಯ ಅಗಲ ಬರಲೇ ಇಲ್ಲವಲ್ಲ ಮಿಸ್? ಕೆರೆಗೂ ಹಂಗೇನಾ?” ಹೌದು, ಹಾಗೆಯೇ. ನಿಂತ ನೀರು ಏರಿಯ ಮೇಲೆ ಹಾಕುವ ಒತ್ತಡ ನೀರಿನ ಆಳಕ್ಕೆ ಸಂಬಂಧಿಸಿದ್ದು, ನೀರು ಎಷ್ಟು ದೂರ ಹರಡಿದೆ ಎಂಬುದಕ್ಕಲ್ಲ. ಏರಿಯ ಬುಡ ಅಗಲವಾಗಿ, ನೆತ್ತಿ ಕಿರಿದಾಗಿ ಇರುವುದು ಏಕೆ ಎಂದು ಮಕ್ಕಳೇ ಬಿಡಿಸಿ ಹೇಳಿದರು. ಊರಿನ ಕೆರೆಗೆ ಏರಿ, ತೂಬು, ಕೋಡಿ ಇರುವಂತೆ ನಮ್ಮ ತೊಟ್ಟಿಗೂ ಇರಲಿ ಎಂದು ತೀರ್ಮಾನವಾಯಿತು. ಮೇಲೆ ಬಿಟ್ಟ 5 ಸೆಂ.ಮೀ.ನ ಗೆರೆ ನಮ್ಮ ಕೋಡಿ. ತೂಬಿಗಾಗಿ ಹಲಗೆಗೆ ತೂತು ಕೊರೆದರೆ ಸೋರುವ ಜಾಗ ಇನ್ನೊಂದು ಹೆಚ್ಚುತ್ತದೆ. ಅದರ ಬದಲು ಪೈಪಿನಿಂದ ಸೈಫನ್ ಮಾಡಿದೆವು.

ಜಲನಿರೋಧಕ ಲೇಪದ ಕೆಲಸವನ್ನು ಪ್ರಶಿಕ್ಷಣಾರ್ಥಿಗಳಾದ ನಾವೇ ಮಾಡಿದೆವು, ಮಕ್ಕಳು ದೂರದಿಂದ ನೋಡಿದರು. ಎಪಾಕ್ಸಿ ರಾಳ ಮತ್ತು ಅದರ ಹಾರ್ಡನರ್ ಚರ್ಮಕ್ಕೆ ತಾಗಬಾರದು. ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು. ಮೊದಲು ಅಂಟು ಮತ್ತು ಸ್ಕ್ರೂಗಳಿಂದ ಪೆಟ್ಟಿಗೆ ಜೋಡಿಸಿ, ಒಳಮೂಲೆಗಳಲ್ಲಿ ಎಪಾಕ್ಸಿಗೆ ಮರದ ನುಣುಪು ಹೊಟ್ಟು ಕಲಸಿ ಬೆರಳಿನಷ್ಟು ದುಂಡಗೆ ತುಂಬಿದೆವು. ಚೂಪಾದ ಮೂಲೆಯಲ್ಲಿ ಫೈಬರ್‌ಗ್ಲಾಸ್ ಬಟ್ಟೆ ಸರಿಯಾಗಿ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಅಂಚುಗಳಿಗೆ ಮೊದಲ ತೆಳು ಲೇಪ, ಅದು ಹೀರಿಕೊಂಡ ಮೇಲೆ ಎಲ್ಲ ಕೀಲುಗಳ ಮೇಲೆ ಫೈಬರ್‌ಗ್ಲಾಸ್ ಪಟ್ಟಿ, ನಂತರ ಇಡೀ ಒಳಭಾಗಕ್ಕೆ ಎರಡು ಲೇಪ. ಎಪಾಕ್ಸಿಯನ್ನು ಒಮ್ಮೆಲೇ ಹೆಚ್ಚು ಕಲಸಿದರೆ ಬಿಸಿಯೇರಿ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿದೆವು. ಖಾಲಿ ಬಟ್ಟಲಿನ ಹೊರಮೈ ಮುಟ್ಟಿ ನೋಡಿದ ಮಾಲೂರಿನ ಗೆಳತಿ ಅದನ್ನೇ ಉಷ್ಣಕ್ಷೇಪಕ ಕ್ರಿಯೆಯ ಉದಾಹರಣೆಯಾಗಿ ತನ್ನ ಹತ್ತನೇ ತರಗತಿಯ ಪಾಠಕ್ಕೆ ಒಯ್ದಳು. ಒಂದು ವಾರ ಒಣಗಲು ಬಿಟ್ಟ ಮೇಲೆ, ಗಾಜು ಕೂರುವ ಪಟ್ಟಿಯನ್ನು ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ, ಶಿಲೀಂಧ್ರನಾಶಕ ಬೆರೆಸದ ಅಕ್ವೇರಿಯಂ ಸಿಲಿಕೋನ್ ಹಾಕಿ ಗಾಜು ಕೂರಿಸಿದೆವು. ವರಾಂಡವೆಲ್ಲ ವಿನೆಗರ್ ವಾಸನೆ. ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ. ಮತ್ತೊಂದು ವಾರ ಕಾದೆವು. ನಲವತ್ತು ನಿಮಿಷದ ಅವಧಿಗಳಲ್ಲಿ ಯೋಚಿಸುವ ನಮಗೆ ಈ ಕಾಯುವಿಕೆ ಹೊಸದು.

ತೊಟ್ಟಿಯನ್ನು ಮಾಲೂರಿನ ಇಟ್ಟಿಗೆಗಳ ಕಟ್ಟೆಯ ಮೇಲೆ, ನಡುವೆ ಥರ್ಮಾಕೋಲ್ ಹಾಳೆ ಹಾಸಿ ಇಟ್ಟೆವು. ನೀರು ಸೇರಿ ಸುಮಾರು 170 ಕೆ.ಜಿ. ತೂಕ ಸಮನಾಗಿ ಕೂರಬೇಕು. ಸುತ್ತ ಹಳೆಯ ದಿನಪತ್ರಿಕೆ ಹರಡಿದೆವು. ಮೀನು ಬಿಡುವುದಕ್ಕಲ್ಲ, ಎಲ್ಲಿ ಸೋರುತ್ತದೆ ಎಂದು ಕಂಡುಕೊಳ್ಳುವುದಕ್ಕೇ ಮೊದಲ ಸಲ ನೀರು ತುಂಬುವುದು ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಮೂರು ಹಂತ: 10 ಸೆಂ.ಮೀ., 20 ಸೆಂ.ಮೀ., 40 ಸೆಂ.ಮೀ. ಪ್ರತಿ ಹಂತಕ್ಕೂ ಒಂದು ಪೂರ್ತಿ ದಿನ.

ಮೊದಲ ದಿನವೇ ನೀರಿನ ಮಟ್ಟ ಗೆರೆಗಿಂತ ಕೆಳಗಿಳಿಯಿತು. “ಸೋರ್ತಾ ಇದೆ” ಎಂದು ಕೆಲವರು, “ಇಲ್ಲ, ಆವಿಯಾಗಿದೆ” ಎಂದು ಕೆಲವರು. ಪತ್ರಿಕೆ ಒಣಗಿತ್ತು. ಆದರೂ ತೀರ್ಮಾನ ಹೇಗೆ? ನಾನು ಉತ್ತರ ಹೇಳದೆ ಬಿಸಿಯೂಟದ ಕೋಣೆಯಿಂದ ನೇರ ಗೋಡೆಯ ಒಂದು ಸ್ಟೀಲ್ ಪಾತ್ರೆ ತರಿಸಿದೆ. ಅದು ಸೋರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಅದೇ ನೀರು ತುಂಬಿ ತೊಟ್ಟಿಯ ಪಕ್ಕದಲ್ಲಿಟ್ಟರೆ ಅದರಲ್ಲಿ ಇಳಿಯುವುದೆಲ್ಲ ಆವಿ. ಬಾಯಿ ಸಣ್ಣದಾದರೂ ಇಳಿಯುವ ಎತ್ತರವನ್ನು ಹೋಲಿಸಬಹುದು. ಎರಡನೇ ಹಂತದಲ್ಲಿ ತೊಟ್ಟಿ 3 ಮಿ.ಮೀ. ಇಳಿಯಿತು, ಪಾತ್ರೆ 4 ಮಿ.ಮೀ. ತೊಟ್ಟಿಯ ನೀರು ಗೋಡೆಗಳ ಮರೆಯಲ್ಲಿದೆ, ಗಾಳಿ ಕಡಿಮೆ ಎಂದು ಒಬ್ಬ ಹುಡುಗ ವಿವರಿಸಿದ. ಸೋರಿಕೆಯಿಲ್ಲ ಎಂದು ನೋಟುಬುಕ್ಕಿನಲ್ಲಿ ಬರೆದರು.

ಮೂರನೇ ಹಂತದ ಮರುದಿನ ಪಾತ್ರೆ 4 ಮಿ.ಮೀ. ಇಳಿದಿತ್ತು, ತೊಟ್ಟಿ 6. ಗಾಜಿನ ಕೆಳಗಿನ ಬಲಮೂಲೆಯಲ್ಲಿ ಪತ್ರಿಕೆ ಅಂಗೈಯಗಲ ಒದ್ದೆ. 20 ಸೆಂ.ಮೀ. ನೀರಿಗೆ ಸೋರದ ಜಾಗ 40 ಸೆಂ.ಮೀ.ಗೆ ಏಕೆ ಸೋರಿತು? ಇದನ್ನು ನಾನು ಕೇಳಬೇಕಾಗಲಿಲ್ಲ, ಅವರೇ ಕೇಳಿಕೊಂಡರು, ಅವರೇ ಉತ್ತರಿಸಿದರು. ಘಟಕದ ಮುಖ್ಯ ಕಲಿಕಾ ಫಲ ಆ ಒದ್ದೆ ಕಾಗದದ ಮೇಲಿತ್ತು.

ಹೆಚ್ಚುವರಿ 2 ಮಿ.ಮೀ. ಎಂದರೆ 3,600 × 0.2, ಅಂದರೆ 720 ಮಿ.ಲೀ. ಅಳತೆ ಜಾಡಿಯಲ್ಲಿ ಎಣಿಸಿದಾಗ ಸುಮಾರು 20 ಹನಿಗೆ 1 ಮಿ.ಲೀ. ಆ ಲೆಕ್ಕದಲ್ಲಿ ದಿನಕ್ಕೆ 14,400 ಹನಿ, ಆರು ಸೆಕೆಂಡಿಗೆ ಒಂದು. ಆವಿಯಾಗಿ ಹೋದ 4 ಮಿ.ಮೀ. ಇದರ ಎರಡರಷ್ಟು, 1.44 ಲೀಟರ್. ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದ ಆವಿಯೇ ಹೆಚ್ಚು ನೀರು ಒಯ್ಯುತ್ತಿದೆ ಎಂಬುದು ಎಲ್ಲರಿಗೂ ಆಶ್ಚರ್ಯ. ಬಿಸಿಲಿಗೆ ಮೈತೆರೆದ ಕೆರೆಗಳ ಮಾತು ಮತ್ತೆ ಬಂತು.

ಆರು ಸೆಕೆಂಡಿಗೆ ಒಂದು ಹನಿ ಎಂದು ಕೇಳಿದ್ದೇ ತಡ, ಮೂವರು ಮಕ್ಕಳು ಕೈತೊಳೆಯುವ ಜಾಗಕ್ಕೆ ಓಡಿದರು. ಅಲ್ಲಿನ ಒಂದು ನಲ್ಲಿ ಬಹಳ ದಿನಗಳಿಂದ ತೊಟ್ಟಿಕ್ಕುತ್ತಿತ್ತು, ನಾವೆಲ್ಲ ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದೆವು. ಎಣಿಸಿದರೆ ನಿಮಿಷಕ್ಕೆ 60 ಹನಿ. ದಿನಕ್ಕೆ 86,400 ಹನಿ, 4.32 ಲೀಟರ್. ನಮ್ಮ ಇಡೀ ತೊಟ್ಟಿಯಷ್ಟು ನೀರು ಆ ನಲ್ಲಿಯಿಂದ 33 ದಿನಗಳಲ್ಲಿ ಹೋಗುತ್ತಿತ್ತು. ಮಕ್ಕಳು ಲೆಕ್ಕವನ್ನು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಕೊಟ್ಟರು. ಅವರು ಎರಡು ಸಲ ಓದಿದರು. ಮರುದಿನ ನಲ್ಲಿಗೆ ಹೊಸ ವಾಷರ್ ಬಂತು. ದುರಸ್ತಿಗಾಗಿ ತೊಟ್ಟಿ ಖಾಲಿ ಮಾಡಿ ಮತ್ತೆ ತುಂಬಬೇಕಾದ್ದರಿಂದ ನಮಗೆ ಬೇಕಾದ ಒಟ್ಟು ನೀರು 288 ಲೀಟರ್. ನಲ್ಲಿ ಉಳಿಸುವ ನೀರು 67 ದಿನಗಳಲ್ಲಿ ಆ ಸಾಲ ತೀರಿಸುತ್ತದೆ. ‘ನೀರಿನ ಲೆಕ್ಕ’ದ ಆ ಪುಟಕ್ಕೆ ಮುಖ್ಯ ಶಿಕ್ಷಕರ ಸಹಿ ಇದೆ.

ಪರೀಕ್ಷೆಯ ನೀರನ್ನು ಸೈಫನ್‌ನಿಂದ ಇಳಿಸಿ ಶಾಲೆಯ ಹೊಂಗೆ ಸಸಿಗಳಿಗೆ ಹಾಕಿದೆವು. ಗಟ್ಟಿಯಾದ ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಆ ಮೂಲೆಯ ಪಟ್ಟಿಯನ್ನು ಕತ್ತರಿಸಿ ತೆಗೆದು, ಒಣಗಿಸಿ, ಹೊಸದಾಗಿ ತುಂಬಿ ಮತ್ತೊಂದು ವಾರ ಬಿಟ್ಟೆವು. ಎರಡನೇ ಸಲ ತೊಟ್ಟಿಯೂ ಪಾತ್ರೆಯೂ ಒಂದೇ ಸಮ ಇಳಿದವು. ಆವಿ ತಡೆಯಲು ಮೇಲೊಂದು ಮುಚ್ಚಳ ಇಟ್ಟು, ನೀರಗಿಡಗಳನ್ನು ಹಾಕಿ, ಕೆಲವು ದಿನಗಳ ನಂತರ ಆರು ಗಪ್ಪಿ ಮೀನು ಬಿಟ್ಟೆವು.

ಗಪ್ಪಿಯನ್ನು ಆರಿಸಿದ್ದಕ್ಕೆ ನಮ್ಮ ಜಿಲ್ಲೆಯಲ್ಲೇ ಕಾರಣವಿದೆ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಭಾಗದಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದವರು ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಟ್ಟು ಸೊಳ್ಳೆಮರಿಗಳನ್ನು ಹತೋಟಿಗೆ ತಂದರು. ರೇಷ್ಮೆ ಸಾಕುವ ಮನೆಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಹುಳುಗಳೇ ಸಾಯುತ್ತವೆ. ಅಂಥ ಊರುಗಳಿಗೆ ಮೀನು ಒಳ್ಳೆಯ ದಾರಿಯಾಯಿತು. ರೇಷ್ಮೆಮನೆಯಿಂದ ಬರುವ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ದನದ ತೊಟ್ಟಿಯಿಂದ ತಂದ ಸೊಳ್ಳೆಮರಿಗಳನ್ನು ಗಪ್ಪಿಗಳು ನುಂಗುವುದನ್ನು ಗಾಜಿಗೆ ಮೂಗು ತಾಗಿಸಿ ನೋಡಿದರು. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು, ಕೆರೆಗೆ ಬಿಟ್ಟರೆ ಊರಿನ ಮೀನುಗಳಿಗೆ ತೊಂದರೆಯಾಗಬಹುದು, ಆದ್ದರಿಂದ ಕೆರೆಗೆ ಬಿಡಬಾರದು ಎಂಬ ನಿಯಮವನ್ನೂ ಗೋಡೆಗೆ ಅಂಟಿಸಿದೆವು.

ಒಂದು ದಿನ ಏಳನೇ ಅವಧಿಯಲ್ಲಿ ಹುಡುಗನೊಬ್ಬ ಕೇಳಿದ: “ಈ ನೀರಲ್ಲಿ ಮೀನು ಬದುಕ್ತಾ ಇದೆ. ಹಂಗಾದ್ರೆ ಕುಡಿಯಬಹುದು ಅಂತ ತಾನೆ?” ತೊಟ್ಟಿ ಕಲಿಸಬಹುದಾದ ತಪ್ಪು ಪಾಠ ಇದೇ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಹೆಚ್ಚು ಕುಡಿದರೆ ಹಲ್ಲು, ಮೂಳೆಗಳ ಮೇಲೆ ಪರಿಣಾಮ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದೂ ಅಂತರ್ಜಲ ಮರುಪೂರಣಕ್ಕೆ, ನೇರವಾಗಿ ಕುಡಿಯುವುದಕ್ಕಲ್ಲ. ಮೀನು ಈಜುತ್ತಿದೆ ಎಂದರೆ ಮೀನಿಗೆ ಬೇಕಾದ ಆಮ್ಲಜನಕ ಇದೆ ಎಂದಷ್ಟೇ ಗೊತ್ತಾಗುತ್ತದೆ, ಉಳಿದದ್ದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು ಎಂದು ಆ ಅವಧಿಯನ್ನು ಪೂರ್ತಿ ಇದಕ್ಕೇ ಕೊಟ್ಟೆ. ಮಾದರಿ ಏನನ್ನು ತೋರಿಸುತ್ತದೆ ಎಂಬುದರಷ್ಟೇ ಏನನ್ನು ತೋರಿಸುವುದಿಲ್ಲ ಎಂಬುದನ್ನೂ ಪಾಠಯೋಜನೆಯಲ್ಲಿ ಬರೆಯಬೇಕೆಂದು ಈಗ ನನಗೆ ಅನ್ನಿಸುತ್ತದೆ.

ಪಕ್ಕದಲ್ಲಿಟ್ಟ ಆ ಸ್ಟೀಲ್ ಪಾತ್ರೆ ಮೌಲ್ಯಮಾಪನದಲ್ಲೂ ನನಗೆ ನೆರವಾಯಿತು. ಘಟಕ ಮುಗಿದ ಎರಡು ವಾರಗಳ ನಂತರ ಕಿರುಪರೀಕ್ಷೆ ಕೊಟ್ಟಾಗ ಅಂಕಗಳು ಸ್ವಲ್ಪ ಇಳಿದಿದ್ದವು. ದಿನ ಕಳೆದಂತೆ ಎಲ್ಲ ಪಾಠವೂ ಸ್ವಲ್ಪ ಮರೆಯುತ್ತದೆ, ಅದು ಆವಿ. ನನ್ನ ಬೋಧನೆಯ ಯಾವುದೋ ಕೀಲು ಸಡಿಲವಿದ್ದರೆ ಅದು ಸೋರಿಕೆ. ಎರಡನ್ನೂ ಬೇರೆ ಮಾಡಲು ಅದೇ ಪತ್ರಿಕೆಯಲ್ಲಿ ಮಾರ್ಗದರ್ಶಕ ಶಿಕ್ಷಕರು ಅದೇ ಅವಧಿಯಲ್ಲಿ ಮುಗಿಸಿದ್ದ ಇನ್ನೊಂದು ಘಟಕದ ನಾಲ್ಕು ಪ್ರಶ್ನೆಗಳನ್ನೂ ಸೇರಿಸಿದ್ದೆ. ಎರಡೂ ಸುಮಾರು ಸಮನಾಗಿ ಇಳಿದಿದ್ದವು, ವಾಯುಭಾರದ ಪ್ರಶ್ನೆಯೊಂದನ್ನು ಬಿಟ್ಟು. ಇಡೀ ಘಟಕವನ್ನು ಮತ್ತೆ ಮಾಡದೆ ಆ ಒಂದು ಮೂಲೆಗೆ ಮಾತ್ರ ಇನ್ನೊಂದು ಅವಧಿ ತೆಗೆದುಕೊಂಡೆ. ಪರಿಹಾರ ಬೋಧನೆ ಎಂದು ನಾವು ಬರೆಯುವುದಕ್ಕೆ ಇಂಥದ್ದೊಂದು ಪಕ್ಕದ ಪಾತ್ರೆ ಇದ್ದರೆ ಸಮಯ ಉಳಿಯುತ್ತದೆ.

ಇದನ್ನು ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಒಣಗುವುದಕ್ಕೆ, ಪರೀಕ್ಷೆಗೆ, ದುರಸ್ತಿಗೆ ಒಟ್ಟು ಐದು ವಾರ ಹಿಡಿಯುತ್ತದೆ, ಆದ್ದರಿಂದ ಇಂಟರ್ನ್‌ಶಿಪ್‌ನ ಮೊದಲ ವಾರವೇ ಶುರು ಮಾಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಶಾಲೆಗೆ ಮೊದಲೇ ಬರೆದುಕೊಡಿ.

ನಾವು ಹೊರಡುವ ಹೊತ್ತಿಗೆ ತರಗತಿಯಲ್ಲಿ ವಾರಕ್ಕೆ ಇಬ್ಬರಂತೆ ‘ನೀರುಗಂಟಿ’ಗಳ ಸರದಿ ನಿಗದಿಯಾಗಿತ್ತು. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವರ ಹೆಸರು ಅದು. ವಾರಕ್ಕೆ ಎರಡು ಬಿಂದಿಗೆ ನೀರು ಬದಲಿಸಿ ಹಳೆಯದನ್ನು ಸಸಿಗಳಿಗೆ ಹಾಕುವುದು ಅವರ ಕೆಲಸ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚುವುದರಿಂದ ಗಪ್ಪಿಗಳು ಒಬ್ಬ ವಿದ್ಯಾರ್ಥಿಯ ಮನೆಯ ಸಿಮೆಂಟ್ ತೊಟ್ಟಿಗೆ ಹೋಗುವುದೆಂದೂ, ಪ್ಲೈವುಡ್ ತೊಟ್ಟಿಯನ್ನು ಖಾಲಿ ಮಾಡಿ ನೆರಳಿನಲ್ಲಿಡುವುದೆಂದೂ ತೀರ್ಮಾನಿಸಿದರು. ಜೂನ್‌ನಲ್ಲಿ ಮತ್ತೆ ತುಂಬುವಾಗ ಮೂರು ಹಂತದಲ್ಲೇ ತುಂಬಬೇಕು, ಸ್ಟೀಲ್ ಪಾತ್ರೆಯನ್ನು ಪಕ್ಕದಲ್ಲಿಡಬೇಕು ಎಂದು ‘ನೀರಿನ ಲೆಕ್ಕ’ದ ಕೊನೆಯ ಪುಟದಲ್ಲಿ ಅವರದೇ ಅಕ್ಷರದಲ್ಲಿ ಬರೆದಿದೆ.